ಎಳ್ಳಿನಷ್ಟು ಅಂತರ: ನಡೆಯದ ಕಾಲದ ಸಾಕ್ಷ್ಯವನ್ನು ಓದುವ ಬಗೆ



ಈ ದತ್ತಿ ಉಪನ್ಯಾಸದಲ್ಲಿ ವಿಜ್ಞಾನದ ಒಂದು ಪ್ರಶ್ನೆಯನ್ನು ಪ್ರತಿವರ್ಷ ಕನ್ನಡದಲ್ಲೇ ಎತ್ತಿಕೊಳ್ಳಬೇಕೆಂದು ದಾನಿಗಳು ಬರೆದಿಟ್ಟಿದ್ದಾರೆ. ಮೂವತ್ತು ವರ್ಷ ಸಂಖ್ಯಾಶಾಸ್ತ್ರ ಪಾಠ ಮಾಡಿದ ನನಗೆ ಇದಕ್ಕಿಂತ ಸಂತೋಷದ ಕೆಲಸ ಇನ್ನೊಂದಿಲ್ಲ. ಆದರೆ ಇವತ್ತು ಕೋಷ್ಟಕ ಬಿಡಿಸುವ ಮುಂಚೆ ಒಂದು ಕತೆ ಹೇಳಬೇಕು.

ಕತೆ ಜಯಂತ ನಾರ್ಳೀಕರ್ ಅವರದು. ಫ್ರೆಡ್ ಹಾಯ್ಲ್ ಜೊತೆ ಗುರುತ್ವದ ಸಿದ್ಧಾಂತ ಕಟ್ಟಿದವರು, 1988ರಲ್ಲಿ ಪುಣೆಯಲ್ಲಿ ಐಯೂಕಾ ಸಂಸ್ಥೆಯನ್ನು ಹುಟ್ಟುಹಾಕಿದವರು. 2025ರ ಮೇ ತಿಂಗಳಲ್ಲಿ ಅವರು ತೀರಿಕೊಂಡಾಗ ಪತ್ರಿಕೆಗಳೆಲ್ಲ ಅವರ ವಿಶ್ವವಿಜ್ಞಾನವನ್ನು ನೆನೆದವು. ನನಗೆ ಮಾತ್ರ ಅವರ 'ದಿ ಅಡ್ವೆಂಚರ್' ಎಂಬ ಕತೆ ನೆನಪಾಯಿತು. ಕೇಂದ್ರ ಪಠ್ಯಕ್ರಮದಲ್ಲಿ ಓದಿದ ಮಕ್ಕಳಿಗೆ ಹನ್ನೊಂದನೇ ತರಗತಿಯ 'ಹಾರ್ನ್‌ಬಿಲ್' ಪುಸ್ತಕದಿಂದ ಅದು ಪರಿಚಿತ.

ಪುಣೆಯ ಇತಿಹಾಸದ ಪ್ರೊಫೆಸರು ಗಂಗಾಧರಪಂತ ಗಾಯತೊಂಡೆ ರಸ್ತೆಯಲ್ಲಿ ಲಾರಿಗೆ ಡಿಕ್ಕಿ ಹೊಡೆಯುತ್ತಾರೆ. ಆ ಕ್ಷಣ ಅವರ ತಲೆಯಲ್ಲಿದ್ದದ್ದು ಮೂರನೇ ಪಾಣಿಪತ್ ಯುದ್ಧ: ಅದರ ಫಲ ಬೇರೆಯಾಗಿದ್ದರೆ ಏನಾಗುತ್ತಿತ್ತು? ಕಣ್ಣು ಬಿಟ್ಟರೆ ಅವರು ಬೇರೆಯೇ ಭಾರತದಲ್ಲಿದ್ದಾರೆ. ಜೀಜಾಮಾತಾ ಎಕ್ಸ್‌ಪ್ರೆಸ್ ಹತ್ತಿ ಮುಂಬೈಗೆ ಹೋಗುತ್ತಾರೆ. ಅಲ್ಲಿ ಈಸ್ಟ್ ಇಂಡಿಯಾ ಕಂಪನಿ ಇನ್ನೂ ಬದುಕಿದೆ, ರೈಲುಡಬ್ಬಿಯ ಮೇಲೆ ಬ್ರಿಟಿಷ್ ಬಾವುಟದ ಚಿತ್ರವಿದೆ. ಮಗ ಕೆಲಸ ಮಾಡುತ್ತಿದ್ದ ಕಚೇರಿಗೆ ಹೋಗಿ ಕೇಳಿದರೆ ಆ ಹೆಸರಿನವರು ಯಾರೂ ಇಲ್ಲ ಎನ್ನುತ್ತಾರೆ.

ಇಂಥ ಹೊತ್ತಿನಲ್ಲಿ ನಾವಾಗಿದ್ದರೆ ಗಾಬರಿಬಿದ್ದು ಬೀದಿ ಬೀದಿ ಅಲೆಯುತ್ತಿದ್ದೆವು. ಗಂಗಾಧರಪಂತರು ಟೌನ್ ಹಾಲಿನ ಏಷಿಯಾಟಿಕ್ ಸೊಸೈಟಿಯ ಗ್ರಂಥಾಲಯಕ್ಕೆ ಹೋಗುತ್ತಾರೆ. ತಾವೇ ಬರೆದ ಐದು ಸಂಪುಟಗಳ ಇತಿಹಾಸವನ್ನು ತರಿಸುತ್ತಾರೆ. ಮೊದಲನೆಯದು ಅಶೋಕನವರೆಗೆ, ಎರಡನೆಯದು ಸಮುದ್ರಗುಪ್ತನವರೆಗೆ, ಮೂರನೆಯದು ಘೋರಿಯವರೆಗೆ, ನಾಲ್ಕನೆಯದು ಔರಂಗಜೇಬನ ಸಾವಿನವರೆಗೆ. ನಾಲ್ಕರಲ್ಲೂ ಒಂದಕ್ಷರ ವ್ಯತ್ಯಾಸವಿಲ್ಲ. ಅಂದರೆ ಬಿರುಕು ಐದನೆಯದರಲ್ಲಿದೆ. ಆ ಸಂಪುಟವನ್ನು ಅವರು ಮೊದಲಿನಿಂದ ಒಂದಿಷ್ಟು, ಕೊನೆಯಿಂದ ಒಂದಿಷ್ಟು ಓದುತ್ತಾ ಎರಡೂ ತುದಿಯಿಂದ ಒಳಕ್ಕೆ ಬರುತ್ತಾರೆ. ದಾರಿ ಕವಲೊಡೆದ ಜಾಗ ಸಿಕ್ಕಿಬಿಡುತ್ತದೆ: 1761ರ ಪಾಣಿಪತ್. ನಮ್ಮ ಇತಿಹಾಸದಲ್ಲಿ ಸೋತ ಮರಾಠರು ಅಲ್ಲಿ ಗೆದ್ದಿದ್ದಾರೆ. ಕಾರಣ ಹುಡುಕಿದರೆ 'ಭಾವುಸಾಹೇಬನ ಬಖರ್' ಎಂಬ ಮರಾಠಿ ವೃತ್ತಾಂತದಲ್ಲಿ ಮೂರು ಸಾಲು ಸಿಗುತ್ತವೆ. ಪೇಶ್ವೆಯ ಮಗ ವಿಶ್ವಾಸರಾಯನಿಗೆ ಬಡಿಯಬೇಕಿದ್ದ ಗುಂಡು ಕಿವಿಯ ಪಕ್ಕದಲ್ಲಿ ಹಾದುಹೋಯಿತು. ಎಳ್ಳಿನಷ್ಟು ಅಂತರ.

ತಿರುಗಿ ನಮ್ಮ ಲೋಕಕ್ಕೆ ಬಂದಾಗ ಅವರ ಜೇಬಿನಲ್ಲಿ ಆ ಬಖರಿನ ಹರಿದ ಹಾಳೆಯೊಂದು ಉಳಿದಿರುತ್ತದೆ. ಗೆಳೆಯ ರಾಜೇಂದ್ರ ದೇಶಪಾಂಡೆಗೆ ಅವರು ತಮ್ಮದೇ ಪ್ರತಿಯ ಅದೇ ಪುಟವನ್ನು ಪಕ್ಕದಲ್ಲಿಟ್ಟು ತೋರಿಸುತ್ತಾರೆ. ಇಲ್ಲಿ ಗುಂಡು ತಗಲಿದೆ, ಅಲ್ಲಿ ತಗಲಿಲ್ಲ.

ಇದನ್ನು ನಾನು ಎಷ್ಟೋ ಸಲ ತರಗತಿಯಲ್ಲಿ ಓದಿಸಿದ್ದೇನೆ. ಹುಡುಗರು ಮೊದಲು ಕೇಳುವುದು ಒಂದೇ: ಬೇರೆ ಲೋಕ ನಿಜವಾಗಿಯೂ ಇದೆಯೇ ಸರ್? ರಾಜೇಂದ್ರ ಅದಕ್ಕೆ ಕ್ವಾಂಟಮ್ ಸಿದ್ಧಾಂತವನ್ನು ತರುತ್ತಾನೆ, ರೆನೆ ಥಾಮ್‌ನ ಕೆಟಾಸ್ಟ್ರಫಿ ಸಿದ್ಧಾಂತವನ್ನು ತರುತ್ತಾನೆ. 1957ರಲ್ಲಿ ಹ್ಯೂ ಎವರೆಟ್ ಪ್ರಿನ್ಸ್‌ಟನ್‌ನಲ್ಲಿ ಮಂಡಿಸಿದ ಅನೇಕ ಲೋಕಗಳ ವಿಚಾರ ಅದರ ಬೆನ್ನಿಗಿದೆ. ಆ ಚರ್ಚೆಯನ್ನು ಭೌತವಿಜ್ಞಾನಿಗಳಿಗೆ ಬಿಡೋಣ. ನನ್ನ ಮನಸ್ಸು ಹೋಗುವುದು ಆ ಹಾಳೆಯ ಕಡೆಗೆ. ನಡೆಯದ ಕಾಲದಿಂದ ಒಂದು ಸಾಕ್ಷ್ಯ ಕೈಗೆ ಬಂದರೆ ಅದನ್ನು ಓದುವುದು ಹೇಗೆ? ಅದು ಎಷ್ಟು ಹೇಳುತ್ತದೆ, ಎಲ್ಲಿಗೆ ನಿಲ್ಲುತ್ತದೆ?

ಕನ್ನಡ ಆಡುವವರಿಗೆ ಈ ಪ್ರಶ್ನೆ ಪರಕೀಯವಲ್ಲ. 'ಮಳೆ ಬಂದರೆ ರಾಗಿ ಆಗುತ್ತದೆ' ಎನ್ನುವುದು ಒಂದು ಮಾತು. 'ಮಳೆ ಬಂದಿದ್ದರೆ ರಾಗಿ ಆಗುತ್ತಿತ್ತು' ಎನ್ನುವುದು ಇನ್ನೊಂದು. ಎರಡನೆಯದರ ಆ 'ಇದ್ದರೆ'ಯೊಳಗೆ ಮಳೆ ಬರಲಿಲ್ಲವೆಂಬ ಸುದ್ದಿಯೂ ಇದೆ, ಮಳೆ ಬಂದ ಇನ್ನೊಂದು ವರ್ಷದ ಚಿತ್ರವೂ ಇದೆ. 'ಚಿಕ್ಕಮ್ಮನಿಗೆ ಮೀಸೆ ಬಂದಿದ್ದರೆ ಚಿಕ್ಕಪ್ಪ ಅನ್ನಬಹುದಿತ್ತು' ಎಂದು ಅದನ್ನು ತಳ್ಳಿಹಾಕುವವರೂ ಇದ್ದಾರೆ. ಅಂಥವರಿಗೆ ನಾನು ಒಂದನ್ನೇ ಕೇಳುತ್ತೇನೆ: ನೀವು ದಿನಕ್ಕೆ ಎಷ್ಟು ಸಲ 'ಅದರಿಂದಾಗಿ' ಎನ್ನುತ್ತೀರಿ? ಮಾತ್ರೆಯಿಂದ ಜ್ವರ ಇಳಿಯಿತು ಎಂದಾಗ ಮಾತ್ರೆ ನುಂಗದಿದ್ದರೆ ಇಳಿಯುತ್ತಿರಲಿಲ್ಲ ಎಂದೇ ಹೇಳಿದಂತಾಯಿತು. ನಮ್ಮ ನೈಯಾಯಿಕರು ಇದನ್ನು ಚೆನ್ನಾಗಿ ಅರಿತಿದ್ದರು. ಬೆಂಕಿ ಇಲ್ಲದೆ ಹೋಗಿದ್ದರೆ ಹೊಗೆಯೂ ಇರುತ್ತಿರಲಿಲ್ಲ ಎನ್ನುವ ಬಗೆಯ ಯೋಚನೆಗೆ ಅವರು ತರ್ಕ ಎಂದು ಹೆಸರಿಟ್ಟರು. ಅದನ್ನು ಪ್ರಮಾಣದ ಸಾಲಿನಲ್ಲಿ ಕೂರಿಸಲಿಲ್ಲ, ಪ್ರಮಾಣಕ್ಕೆ ಸಹಾಯಕ ಎಂದರು. ಆ ಎಚ್ಚರ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ನನ್ನ ಶಾಸ್ತ್ರದಲ್ಲಿ ಇದಕ್ಕೆ ಸಮನಾದ ಎಚ್ಚರ ಬಂದದ್ದು ಕಳೆದ ಸುಮಾರು ನೂರು ವರ್ಷದಲ್ಲಿ. 1923ರಲ್ಲಿ ಯೆರ್ಜಿ ನೇಮನ್ ಬೇಸಾಯದ ಪ್ರಯೋಗಗಳ ಬಗ್ಗೆ ಬರೆಯುತ್ತಾ ಒಂದೇ ತಾಕಿಗೆ ಹಲವು ಸಾಧ್ಯ ಇಳುವರಿಗಳಿವೆ ಎಂದು ಭಾವಿಸಿ ಲೆಕ್ಕ ಕಟ್ಟಿದ. 1974ರಲ್ಲಿ ಡೊನಾಲ್ಡ್ ರೂಬಿನ್ ಅದನ್ನು ಪ್ರಯೋಗಗಳ ಆಚೆಗೂ ತಂದ. ಒಬ್ಬನೇ ರೋಗಿಗೆ ಒಂದೇ ಗಳಿಗೆಯಲ್ಲಿ ಔಷಧ ಕೊಟ್ಟೂ ಕೊಡದೆಯೂ ನೋಡಲು ಸಾಧ್ಯವಿಲ್ಲ. ಎರಡರಲ್ಲಿ ಒಂದು ಹಾಳೆ ಯಾವಾಗಲೂ ಇನ್ನೊಂದು ಲೋಕದಲ್ಲೇ ಉಳಿಯುತ್ತದೆ. ಇದನ್ನೇ 1986ರಲ್ಲಿ ಪಾಲ್ ಹಾಲೆಂಡ್ ಕಾರಣಶೋಧದ ಮೂಲ ಸಮಸ್ಯೆ ಎಂದು ಕರೆದ.

ಹಾಗಿದ್ದರೂ ಆ ಲೋಕದ ಹಾಳೆ ಕೆಲವೊಮ್ಮೆ ಕೈಗೆ ಸಿಗುತ್ತದೆ. 1854ರ ಲಂಡನ್ನಿಗೆ ಬನ್ನಿ. ಕಾಲರಾ ಬಂದಿದೆ. ಡಾಕ್ಟರ್ ಜಾನ್ ಸ್ನೋ ಎಂದರೆ ಬ್ರಾಡ್ ಸ್ಟ್ರೀಟಿನ ಪಂಪಿನ ಹಿಡಿ ಕೀಳಿಸಿದ ಕತೆ ಎಲ್ಲರಿಗೂ ಗೊತ್ತು. ನನಗೆ ಅದಕ್ಕಿಂತ ಹಿರಿದಾಗಿ ಕಾಣುವುದು ಥೇಮ್ಸ್ ನದಿಯ ದಕ್ಷಿಣ ದಂಡೆಯಲ್ಲಿ ಅವರು ಮಾಡಿದ ಕೆಲಸ. ಅಲ್ಲಿ ಎರಡು ಕಂಪನಿಗಳು ಮನೆಗಳಿಗೆ ನೀರು ಕೊಡುತ್ತಿದ್ದವು. ಒಂದು ಕಾಲದ ಪೈಪೋಟಿಯಲ್ಲಿ ಎರಡೂ ಅದೇ ಬೀದಿಗಳಲ್ಲಿ ಪೈಪು ಹಾಕಿದ್ದರಿಂದ ಈ ಮನೆಗೆ ಒಂದರ ನೀರು, ಪಕ್ಕದ ಮನೆಗೆ ಇನ್ನೊಂದರದು. ಎರಡೂ ಬಹುಕಾಲ ಊರ ಕೊಳಚೆ ಬೆರೆತ ನೀರನ್ನೇ ಎತ್ತುತ್ತಿದ್ದವು. 1852ರಲ್ಲಿ ಲ್ಯಾಂಬೆತ್ ಕಂಪನಿ ತನ್ನ ನೀರೆತ್ತುವ ಜಾಗವನ್ನು ಹೊಳೆಯ ಮೇಲ್ಭಾಗದ ಥೇಮ್ಸ್ ಡಿಟ್ಟನ್ನಿಗೆ ಸಾಗಿಸಿತು. ಸದರ್ಕ್ ಮತ್ತು ವಾಕ್ಸಾಲ್ ಕಂಪನಿ ಬ್ಯಾಟರ್‌ಸೀಯಲ್ಲೇ ಉಳಿಯಿತು. ಬಡವ, ಬಲ್ಲಿದ, ಗಾಳಿ, ಬೀದಿ, ಕಸುಬು ಎಲ್ಲ ಒಂದೇ. ನೀರು ಮಾತ್ರ ಬೇರೆ. ನಾಲ್ಕು ಸಂಪುಟ ಒಂದೇ ಆಗಿ ಐದನೆಯದು ಕವಲೊಡೆದಂತೆ.

ಸತ್ತವರ ಮನೆಗಳಿಗೆ ಸ್ನೋ ತಾವೇ ನಡೆದು ಹೋದರು. ಎಷ್ಟೋ ಮನೆಯವರಿಗೆ ತಾವು ಕುಡಿಯುವ ನೀರು ಯಾವ ಕಂಪನಿಯದೆಂದೇ ತಿಳಿದಿರಲಿಲ್ಲ, ನೀರಿನ ಹಣ ಕಟ್ಟುತ್ತಿದ್ದವನು ಮನೆಯ ಮಾಲೀಕ. ಆಗ ಸ್ನೋ ಒಂದು ಸೀಸೆಯಲ್ಲಿ ಆ ನೀರು ತೆಗೆದುಕೊಂಡು ಸಿಲ್ವರ್ ನೈಟ್ರೇಟ್ ಹಾಕಿ ನೋಡುತ್ತಿದ್ದರು. ಬ್ಯಾಟರ್‌ಸೀ ನೀರಿನಲ್ಲಿ ಸಮುದ್ರದ ಉಬ್ಬರದ ಉಪ್ಪು ಬೆರೆತಿರುತ್ತಿತ್ತು, ಅದು ಮೊಸರಿನಂತೆ ಬಿಳಿಯಾಗಿ ಒಡೆಯುತ್ತಿತ್ತು. ಮೇಲಿನ ಹೊಳೆಯ ನೀರು ಹೆಚ್ಚುಕಡಿಮೆ ತಿಳಿಯಾಗಿಯೇ ಇರುತ್ತಿತ್ತು. ಒಂದು ಮನೆ ಯಾವ ಲೋಕಕ್ಕೆ ಸೇರಿದ್ದು ಎಂದು ಆ ಬಿಳಿ ಒಡಕು ಹೇಳುತ್ತಿತ್ತು.

ಮೊದಲ ಏಳು ವಾರದ ಲೆಕ್ಕ ಹೀಗಿದೆ. ಸದರ್ಕ್ ಮತ್ತು ವಾಕ್ಸಾಲ್ ನೀರಿನ 40,046 ಮನೆಗಳಲ್ಲಿ 1,263 ಸಾವು. ಲ್ಯಾಂಬೆತ್ ನೀರಿನ 26,107 ಮನೆಗಳಲ್ಲಿ 98. ಈಗ 'ಇದ್ದರೆ' ಹಚ್ಚಿ ನೋಡಿ. ಮೊದಲ ಕಂಪನಿಯ ಮನೆಗಳಿಗೂ ಮೇಲಿನ ಹೊಳೆಯ ನೀರೇ ಬಂದಿದ್ದರೆ? ಲ್ಯಾಂಬೆತ್ ದರದಲ್ಲಿ ಲೆಕ್ಕ ಹಾಕಿದರೆ ಸಾವು ಸುಮಾರು 150. ಉಳಿದ 1,100ಕ್ಕೂ ಹೆಚ್ಚು ಜನ ಆ ಇನ್ನೊಂದು ಕಾಲದಲ್ಲಿ ಎದ್ದು ಓಡಾಡುತ್ತಿದ್ದಾರೆ. ಈ ಕೋಷ್ಟಕವನ್ನು ಕಪ್ಪುಹಲಗೆಯ ಮೇಲೆ ಬರೆದಾಗಲೆಲ್ಲ ಅಲ್ಲಿಗೆ ಬಂದು ನಾನು ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುತ್ತಿದ್ದೆ. ಅಂಕಿ ಎಂದರೆ ಒಣ ಸರಕು ಎನ್ನುವವರು ಈ 1,100ನ್ನು ಒಮ್ಮೆ ಕಣ್ಣೆದುರು ತಂದುಕೊಳ್ಳಬೇಕು.

ಸ್ನೋ ಕೈಗೆ ಸಿಕ್ಕ ಹಾಳೆಗೆ ಬಲ ಬಂದದ್ದು ಎರಡು ಬಗೆಯ ಮನೆಗಳೂ ಮಿಕ್ಕೆಲ್ಲದರಲ್ಲಿ ಒಂದೇ ಆಗಿದ್ದರಿಂದ. ಪಾಣಿಪತ್ತಿನ ಹಾಳೆಗೆ ಆ ಬಲವಿದೆಯೇ? ನಾರ್ಳೀಕರರ ಮೇಲೆ ನನಗಿರುವ ಗೌರವ ದೊಡ್ಡದು, ಆದರೆ ಇಲ್ಲಿ ಅವರ ಕತೆ ಗುಂಡಿನ ಮೇಲೆ ತೀರಾ ಹೆಚ್ಚು ಭಾರ ಹೊರಿಸಿದೆ ಎಂದು ನನ್ನ ಅಭಿಪ್ರಾಯ. 1761ರ ಜನವರಿ 14ರ ಬೆಳಿಗ್ಗೆ ಮರಾಠರ ದಂಡನಾಯಕ ಸದಾಶಿವರಾವ್ ಭಾವು ಕಾಳಗಕ್ಕೆ ಇಳಿದಾಗ ಅವನ ದಂಡು ಹಸಿದಿತ್ತು. ದಿಲ್ಲಿಯ ಕಡೆಯಿಂದ ಬರಬೇಕಿದ್ದ ಧಾನ್ಯದ ದಾರಿಯನ್ನು ಎದುರಾಳಿ ಅಬ್ದಾಲಿ ಎರಡು ತಿಂಗಳಿಗೂ ಮುಂಚೆಯೇ ಕಡಿದಿದ್ದ. ಹೋರಾಡುವವರ ಜೊತೆ ಹೆಂಗಸರು, ಮಕ್ಕಳು, ಯಾತ್ರಿಕರು. ಭರತಪುರದ ಸೂರಜ್‌ಮಲ್ ದೂರ ಸರಿದಿದ್ದ, ಅವಧದ ಶುಜಾ ಉದ್ದೌಲ ಆಚೆ ಕಡೆ ಸೇರಿದ್ದ. ಗುಂಡು ಎಳ್ಳಿನಷ್ಟು ತಪ್ಪಿದ್ದರೆ ದಂಡಿನ ಧೈರ್ಯ ಕುಸಿಯುತ್ತಿರಲಿಲ್ಲ, ಇದನ್ನು ಒಪ್ಪೋಣ. ಹೊಟ್ಟೆ ತುಂಬುತ್ತಿತ್ತೇ? ಕವಲು ಎಷ್ಟು ಚಿಕ್ಕದಾಗಿರುತ್ತದೋ ಅಷ್ಟು ಒಳ್ಳೆಯದು ನಿಜ, ಮಿಕ್ಕದ್ದೆಲ್ಲ ಇದ್ದಂತೆಯೇ ಉಳಿಯುತ್ತದೆ. ಆದರೆ ಮಿಕ್ಕದ್ದು ಇದ್ದಂತೆ ಉಳಿದರೆ ಆ ಹಸಿವೂ ಇದ್ದಂತೆಯೇ ಉಳಿಯುತ್ತದೆ.

ಪಾಣಿಪತ್ತಿನ ಇನ್ನೊಂದು ಕವಲು ನಮ್ಮ ಮನೆಬಾಗಿಲಲ್ಲೇ ಇದೆ, ಅದರ ಕಡೆ ನಾವು ನೋಡುವುದು ಕಡಿಮೆ. 1760ರ ಆಗಸ್ಟ್‌ನಲ್ಲಿ ಮೈಸೂರಿನ ಸೇನಾನಿ ಹೈದರನ ಆಪ್ತನಾಗಿದ್ದ ಖಂಡೇರಾಯನೇ ಅರಮನೆಯವರೊಡನೆ ಸೇರಿ ಅವನ ಮೇಲೆ ತಿರುಗಿಬಿದ್ದ. ಮನೆಮಂದಿಯನ್ನೂ ಹುಡುಗ ಟಿಪ್ಪುವನ್ನೂ ಶ್ರೀರಂಗಪಟ್ಟಣದಲ್ಲೇ ಬಿಟ್ಟು ಹೈದರ್ ರಾತ್ರಿ ಹೊಳೆ ದಾಟಿ ಬೆಂಗಳೂರಿಗೆ ಓಡಿಬಂದ. ಖಂಡೇರಾಯನ ನೆರವಿಗೆ ವೀಸಾಜಿ ಪಂಡಿತನ ಮರಾಠಾ ದಂಡು ಬಂದು ನಿಂತಿತ್ತು. ಹೈದರನ ಕತೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಆ ದಂಡು ಆಶ್ಚರ್ಯಪಡುವಷ್ಟು ಸುಲಭದ ಕರಾರಿಗೆ ಒಪ್ಪಿ ಹೊರಟುಹೋಯಿತು. ಉತ್ತರದಲ್ಲಿ ಏನಾಗಿದೆ ಎಂಬ ಸುದ್ದಿ ಅವರಿಗೆ ತಲುಪಿತ್ತು, ಹೈದರನಿಗೆ ಇನ್ನೂ ತಲುಪಿರಲಿಲ್ಲ. 1761 ಮುಗಿಯುವ ಮುಂಚೆ ಮೈಸೂರು ಅವನ ಕೈಯಲ್ಲಿತ್ತು, ಖಂಡೇರಾಯ ಬೆಂಗಳೂರಿನಲ್ಲಿ ಪಂಜರದೊಳಗಿದ್ದ.

ಪಾಣಿಪತ್ ಸೋಲದೆ ಹೋಗಿದ್ದರೆ ವೀಸಾಜಿ ಅಷ್ಟು ಬೇಗ ಜಾಗ ಬಿಡುತ್ತಿರಲಿಲ್ಲ. ಇಷ್ಟನ್ನು ನಾನು ಧೈರ್ಯವಾಗಿ ಹೇಳಬಲ್ಲೆ, ಕವಲಿಗೂ ಫಲಕ್ಕೂ ನಡುವೆ ಇರುವುದು ಕೆಲವೇ ವಾರ, ಒಂದೇ ದಂಡು, ಒಂದೇ ಕರಾರು. ಹೈದರ್ ಅಧಿಕಾರಕ್ಕೆ ಬರುತ್ತಿರಲಿಲ್ಲ ಎಂದು ಅಳುಕುತ್ತಾ ಹೇಳಬಲ್ಲೆ. ಟಿಪ್ಪು ದೊರೆಯಾಗುತ್ತಿರಲಿಲ್ಲ, ಶ್ರೀರಂಗಪಟ್ಟಣ 1799ರಲ್ಲಿ ಬೀಳುತ್ತಿರಲಿಲ್ಲ, ಬ್ರಿಟಿಷರು ದಕ್ಷಿಣದಲ್ಲಿ ಬೇರೂರುತ್ತಿರಲಿಲ್ಲ ಎಂದು ಯಾರಾದರೂ ಸರಸರನೆ ಇಳಿದುಹೋದರೆ ನಾನು ಅವರ ಜೊತೆ ಹೋಗಲಾರೆ. ಒಂದೊಂದು ಮೆಟ್ಟಿಲಿಗೂ ಹೊಸ ಜನ, ಹೊಸ ಮಳೆ, ಹೊಸ ಸಾವುಗಳು ಬಂದು ಸೇರುತ್ತವೆ.

ಇದು ಬರೀ ನನ್ನ ಅಂಜಿಕೆಯಲ್ಲ. 1961ರಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ಎಡ್ವರ್ಡ್ ಲೊರೆಂಜ್ ಹವಾಮಾನದ ಒಂದು ಸರಳ ಮಾದರಿಯನ್ನು ಕಂಪ್ಯೂಟರಿನಲ್ಲಿ ಓಡಿಸುತ್ತಿದ್ದರು. ಒಂದು ಓಟವನ್ನು ನಡುವಿನಿಂದ ಮತ್ತೆ ನೋಡಬೇಕೆಂದು ಅಚ್ಚಾದ ಕಾಗದದಿಂದ ಅಂಕಿಗಳನ್ನು ನೋಡಿ ತುಂಬಿದರು. ಯಂತ್ರದ ಒಳಗಿದ್ದದ್ದು 0.506127, ಕಾಗದದಲ್ಲಿ ಅಚ್ಚಾಗಿದ್ದದ್ದು 0.506. ಕಾಫಿ ಕುಡಿದು ಬಂದು ನೋಡಿದರೆ ಹೊಸ ಓಟ ಮೊದಲು ಹಳೆಯದರ ಹೆಜ್ಜೆಯಲ್ಲೇ ನಡೆದು, ಬರಬರುತ್ತಾ ಬೇರೆಯಾಗಿ, ಮಾದರಿಯ ಒಂದೆರಡು ತಿಂಗಳಲ್ಲಿ ಗುರುತೇ ಸಿಗದಂತಾಗಿತ್ತು. ಎಳ್ಳಿನಷ್ಟೂ ಅಲ್ಲ, ಎಳ್ಳಿನ ಸಿಪ್ಪೆಯಷ್ಟು ಅಂತರ.

ಹವಾಮಾನದವರು ಇದರಿಂದ ಎದೆಗುಂದಲಿಲ್ಲ. ಓದುವ ಬಗೆಯನ್ನೇ ಬದಲಿಸಿದರು. ಇಂಗ್ಲೆಂಡಿನ ರೆಡಿಂಗ್‌ನಲ್ಲಿರುವ ಯುರೋಪಿಯನ್ ಮುನ್ಸೂಚನಾ ಕೇಂದ್ರ ಒಂದು ಮುನ್ಸೂಚನೆಗೆ 51 ಓಟ ಓಡಿಸುತ್ತದೆ, ಒಂದನ್ನು ಬಿಟ್ಟು ಉಳಿದೆಲ್ಲದರ ಆರಂಭವನ್ನೂ ಕೂದಲೆಳೆಯಷ್ಟು ಕದಲಿಸಿ. ಎಲ್ಲವೂ ಒಟ್ಟಾಗಿರುವ ದಿನದವರೆಗೆ ಮಾತಿನಲ್ಲಿ ಭರವಸೆ. ಚೆದರಿದ ಮೇಲೆ ಎಷ್ಟು ಓಟಗಳಲ್ಲಿ ಮಳೆ ಬಂತು ಎಂಬ ಎಣಿಕೆ ಮಾತ್ರ. ಇದೇ ದಾರಿಯಲ್ಲಿ ಮುಂದೆ ಹೋಗಿ, 2003ರ ಯುರೋಪಿನ ಭೀಕರ ಬೇಸಿಗೆಯ ಬಗ್ಗೆ ಪೀಟರ್ ಸ್ಟಾಟ್, ಡೈಥಿ ಸ್ಟೋನ್, ಮೈಲ್ಸ್ ಆಲೆನ್ 2004ರಲ್ಲಿ ಒಂದು ಕೆಲಸ ಪ್ರಕಟಿಸಿದರು. ಮನುಷ್ಯ ಹೊಗೆ ಬಿಡದೆ ಇದ್ದಿದ್ದರೆ ಭೂಮಿಯ ಹವೆ ಹೇಗಿರುತ್ತಿತ್ತು ಎಂಬುದನ್ನು ಕಂಪ್ಯೂಟರಿನಲ್ಲಿ ಕಟ್ಟಿ, ನಮ್ಮ ಭೂಮಿಯ ಪಕ್ಕ ಇಟ್ಟರು. ಗಂಗಾಧರಪಂತರು ಎರಡು ಹಾಳೆಗಳನ್ನು ಅಕ್ಕಪಕ್ಕ ಇಟ್ಟಂತೆಯೇ. ಆ ಬೇಸಿಗೆಗೆ ಮನುಷ್ಯನೇ ಕಾರಣ ಎಂದು ಅವರು ಬರೆಯಲಿಲ್ಲ. ಅಂಥ ಬೇಸಿಗೆ ಬರುವ ಸಾಧ್ಯತೆಯನ್ನು ಮನುಷ್ಯ ಕನಿಷ್ಠ ಎರಡರಷ್ಟು ಮಾಡಿದ್ದಾನೆ ಎಂಬುದು ಶೇ. 90ಕ್ಕೂ ಮೇಲ್ಪಟ್ಟು ಖಚಿತ ಎಂದರು. 2024ರ ಜುಲೈನಲ್ಲಿ ನಮ್ಮ ಪಕ್ಕದ ವಯನಾಡಿನ ಗುಡ್ಡ ಕುಸಿದಾಗಲೂ ವಿಜ್ಞಾನಿಗಳ ಒಂದು ತಂಡ ಇದೇ ಲೆಕ್ಕ ಹಾಕಿ ಆ ಒಂದು ದಿನದ ಮಳೆ ಮನುಷ್ಯನಿಂದಾಗಿ ಸುಮಾರು ಶೇ. 10ರಷ್ಟು ಬಿರುಸಾಗಿತ್ತು ಎಂದಿತು. ಜಾಗ ಚಿಕ್ಕದು, ಬೆಟ್ಟಗುಡ್ಡದ್ದು, ಆದ್ದರಿಂದ ಮಾದರಿಗಳ ಅನಿಶ್ಚಿತತೆ ದೊಡ್ಡದು ಎಂದೂ ಅದರ ಜೊತೆಗೇ ಹೇಳಿತು. ಆ ಎರಡನೆಯ ವಾಕ್ಯವನ್ನು ಸುದ್ದಿಗಳಲ್ಲಿ ಬಿಟ್ಟುಬಿಡುವುದನ್ನು ಕಂಡಾಗ ನನಗೆ ನೋವಾಗುತ್ತದೆ. ಹಾಳೆಯ ಅರ್ಧವನ್ನು ಹರಿದು ಎಸೆದಂತೆ.

ನಡೆಯದ ಕಾಲದ ಹಾಳೆಯನ್ನು ಓದುವ ಈ ವಿದ್ಯೆಯನ್ನು ನಾನು ಮೊದಲು ಕಲಿತದ್ದು ಯಾವ ಪುಸ್ತಕದಿಂದಲೂ ಅಲ್ಲ ಎನ್ನುವುದನ್ನು ಇಲ್ಲಿ ಹೇಳಲೇಬೇಕು. ತುಮಕೂರು ಜಿಲ್ಲೆಯ ನಮ್ಮ ಹೊಲದಲ್ಲಿ ಅಪ್ಪ ಮೊದಲ ಸಲ ರಾಗಿಗೆ ಯೂರಿಯಾ ಹಾಕಿದ ವರ್ಷ ನಾನು ಏಳನೇ ಕ್ಲಾಸು. ಎರಡು ಅಕ್ಕಡಿ ಸಾಲುಗಳ ನಡುವಿನ ಒಂದು ಪಟ್ಟೆಗೆ ಮಾತ್ರ ಅಪ್ಪ ಯೂರಿಯಾ ಎರಚಲಿಲ್ಲ. ಬಿಡುವುದಾದರೆ ಬದುವಿನ ಹೊಂಗೆ ಮರದ ಕೆಳಗಿನ ಪಟ್ಟೆ ಬಿಡಿ, ಅಲ್ಲಿ ಹೇಗೂ ಬೆಳೆ ಬರುವುದಿಲ್ಲ ಎಂದು ಅವ್ವ ವಾದ ಮಾಡಿದಳು. ಅಪ್ಪ ಒಪ್ಪಲಿಲ್ಲ. 'ನೆರಳಿನ ಜಾಗ ಬಿಟ್ಟರೆ ಯೂರಿಯಾ ಗೆದ್ದೇ ಗೆಲ್ಲುತ್ತೆ ಕಣೆ, ಅದರಲ್ಲೇನು ಗೊತ್ತಾಗುತ್ತೆ' ಎಂದು ಹೊಲದ ನಟ್ಟನಡುವಿನ ಪಟ್ಟೆಯನ್ನೇ ಬಿಟ್ಟ.

ಆ ವರ್ಷ ಮಳೆ ಚೆನ್ನಾಗಿ ಹಿಡಿಯಿತು. ಊರೆಲ್ಲ ಯೂರಿಯಾದ ಮಹಿಮೆ ಹೊಗಳಿತು. ಅಪ್ಪ ಕುಯ್ಲಿನಲ್ಲಿ ಆ ಪಟ್ಟೆಯ ಸಿವುಡುಗಳನ್ನು ಬೇರೆ ಕಟ್ಟಿ, ಕಣದಲ್ಲಿ ಬೇರೆ ಬಡಿದು, ಸೇರಿನಲ್ಲಿ ಅಳೆದ. ಯೂರಿಯಾ ಹಾಕಿದ ಅಷ್ಟೇ ಅಗಲದ ಪಟ್ಟೆಗೆ ಒಂಬತ್ತು ಸೇರು, ಹಾಕದ್ದಕ್ಕೆ ಏಳು. ಹಿಂದಿನ ವರ್ಷ ಅಂಥ ಪಟ್ಟೆಗೆ ಬಿದ್ದಿದ್ದು ನಾಲ್ಕು. ಕಣದ ಸಗಣಿ ನೆಲದ ಮೇಲೆ ಕಡ್ಡಿಯಿಂದ ಗೀರಿ ನನಗೆ ತೋರಿಸಿದ: ಐದು ಸೇರು ಹೆಚ್ಚಿಗೆ ಬಂತು ಅಂತಾರಲ್ಲ, ಅದರಲ್ಲಿ ಮೂರು ಮಳೆದು, ಎರಡು ಯೂರಿಯಾದ್ದು.

ಮುಂದಿನ ವರ್ಷ ಯೂರಿಯಾ ಎರಚುವ ದಿನ ಮಂಕರಿ ಹೊತ್ತು ಮುಂದೆ ನಡೆಯುತ್ತಿದ್ದವಳು ಅವ್ವ. ಹೊಲದ ನಡುವೆ ಬಂದು ನಿಂತಳು. ಅಪ್ಪ ಹಳೆಯ ಪಟ್ಟೆಯ ಕಡೆ ಕೈ ತೋರಿಸಿದ. ಅವ್ವ ತಲೆಯಾಡಿಸಿ, 'ಇದಲ್ಲ, ಆ ಕಡೇದು ಬಿಡಿ. ಇದಕ್ಕೆ ಹೋದ ವರ್ಷವೂ ಹಾಕಿಲ್ಲ, ಮಣ್ಣು ಬಡವಾಗಿರುತ್ತೆ' ಎಂದಳು. ಅಪ್ಪ ಒಂದು ಗಳಿಗೆ ನೆಲ ನೋಡುತ್ತಾ ನಿಂತ. ಆಮೇಲೆ ನಾಲ್ಕು ಹೆಜ್ಜೆ ಆಚೆ ಹೋಗಿ ಅಲ್ಲೊಂದು ಗೂಟ ನೆಟ್ಟ.